ನಿಶ್ಚಿತಾರ್ಥಕ್ಕೆ ನೊರೆ ಬರೋ ಬಾಟಲ್

ಲೇ ಆಂಜಿ,

ಅಮ್ಮ ನನ್ನನ್ನ ಬ್ಲೌಸ್ ಅಳತೆಗೆ ಎಳ್ಕೊಂಡು ಹೋಗ್ತಿದ್ದಾಳೆ. ನಾಳೆ ನನ್ನ ನಿಶ್ಚಿತಾರ್ಥದಲ್ಲಿ ಕೇಕ್ ಕತ್ತರಿಸುವಾಗ ಶಾಂಪೇನ್ ಥರ ಬಾಟಲ್ ಚಿಮ್ಮಿಸಬೇಕಂತೆ, ಟೇಕಲ್ ಊರಿನ ಬೀಗರ ಆಸೆ. ನೀನೇ ಶ್ರೀನಿವಾಸಪುರದಿಂದ ತಾ. ನಾನು ವೈನ್ ಶಾಪ್ ಮುಂದೆ ನಿಂತರೆ ನಮ್ಮೂರು ಯಲ್ದೂರಿಗೆಲ್ಲ ಸುದ್ದಿ.

ದುಬಾರಿದು ಬೇಡ, ಅರ್ಧ ನೆಲಕ್ಕೇ ಹೋಗುತ್ತೆ. ನಮ್ಮ ದೇಶದ್ದೇ ಸಾಕು. ಆದರೆ ಲೇಬಲ್ ಮೇಲೆ ‘ಸ್ಪಾರ್ಕ್ಲಿಂಗ್’ ಅಂತ ಇರ್ಲೇಬೇಕು, ಮುಚ್ಚಳಕ್ಕೆ ತಂತಿ ಸುತ್ತಿರಬೇಕು. ನನ್ನ ಫ್ರೆಂಡ್ ಗಂಗಾ ಬರ್ತ್‌ಡೇಲಿ ಮಾಮೂಲಿ ವೈನ್ ತಂದು ಕುಲುಕಿದ್ದೇ ಕುಲುಕಿದ್ದು, ಒಂದು ಚೂರು ನೊರೆ ಬರ್ಲಿಲ್ಲ!

ಫ್ರಿಜ್‌ನಲ್ಲಿ ಇಡಬೇಡ, ಅಲ್ಲಿ ಅಜ್ಜಿ ದೇವರಿಗೆ ಅಂತ ಎತ್ತಿಟ್ಟಿರೋ ಹಾಲಿದೆ. ಚೀಲಕ್ಕೆ ಹಾಕಿ ನೀರಿನ ಸಂಪಿನೊಳಕ್ಕೆ ಇಳಿಬಿಡು, ತಣ್ಣಗಿರುತ್ತೆ.

ಹಿಟ್ಟು ಮಾಡಿಸಕ್ಕೆ ರಾಗಿ ತೆಗೆಯುವಾಗ ಡ್ರಮ್‌ನಲ್ಲಿ ಅಂಥದ್ದೇ ಒಂದು ಬಾಟಲ್ ಸಿಗುತ್ತೆ. ಇದೇ ಸಾಕಲ್ಲ ಅಂತ ಎತ್ಕೋಬೇಡ ಕಣೋ. ಮೈಸೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ ದಿನ ನಾನು ಅಲ್ಲಿಂದಲೇ ತಂದಿದ್ದು, ಕೆಲಸಕ್ಕೆ ಸೇರೋ ದಿನ ನಾವಿಬ್ಬರೂ ತೆಗೆಯೋಣ ಅಂತ. ಸೊಸೆ ಕೆಲಸಕ್ಕೆ ಹೋಗೋದು ಬೇಡ ಅಂತ ಬೀಗರು ಅಂದ್ರು, ಅಪ್ಪ ತಲೆಯಾಡಿಸಿದ್ರು. ನನ್ನನ್ನ ಯಾರೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ.

ನಾಳೆ ಫೋಟೋಗೆ ನಗ್ತೀನಿ, ಬಿಡು. ನೀನು ಆ ಬಾಟಲ್ ಮೇಲೆ ಇನ್ನಷ್ಟು ರಾಗಿ ಸುರಿದಿಡು.

ಆಶಕ್ಕ