ಮೆಲ್ಲನೆಯ ಕಸರತ್ತು

ಸಾಗರ
೧೨-೧೨-೧೯೬೪

ನನ್ನ ವರದಾಳಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಸೋಮವಾರ ಬಂತು. ನಾಲ್ಕು ಸಲ ಓದಿದೆ. ನಾನು ನಮ್ಮ ಶಾಲೆಯಲ್ಲಿ ಚೀನೀಯರ ಕಸರತ್ತು ಕಲಿಯುತ್ತಿದ್ದೇನೆಂದು ನಮ್ಮ ಬೀದಿಯ ಪುಷ್ಪಮ್ಮ ನಿಮ್ಮ ತೀರ್ಥಹಳ್ಳಿಗೆ ಬಂದಾಗ ಹೇಳಿದಳಂತೆ. ತಮ್ಮನನ್ನು ಕೊಂದವರ ವಿದ್ಯೆ ಕಲಿಯುವವಳ ಮನೆಗೆ ಬಾಣಂತನಕ್ಕೆ ಬರಲಾರೆ ಎಂದು ಬರೆದಿದ್ದೀಯ. ಏಳು ತಿಂಗಳ ಬಸುರಿಗೆ ಸಿಟ್ಟಿನಲ್ಲಿ ಉತ್ತರಿಸಬಾರದೆಂದು ಇಷ್ಟು ದಿನ ತಡೆದೆ.

ಪುಷ್ಪಮ್ಮ ಹೇಳಿದ್ದು ಸುಳ್ಳಲ್ಲ ಮಗಾ. ಆದರೆ ಅವಳಿಗೆ ಗೊತ್ತಿಲ್ಲದ್ದೂ ಇದೆ, ನಾನು ನಿನಗೆ ಮುಚ್ಚಿಟ್ಟದ್ದೂ ಇದೆ. ಧರ್ಮ ಚೀನಾ ಯುದ್ಧದಲ್ಲಿ ನೇಫಾದ ಗಡಿಯಲ್ಲಿ ಹೋದನೆಂದು ತಂತಿ ಬಂದ ಮರುತಿಂಗಳಿಂದ ನನ್ನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಪಕ್ಕದ ಮನೆಯ ಹುಲಿಗೆಮ್ಮ ದಿನಾ ಬಂದು ತಲೆ ಬಾಚಿಕೊಡುತ್ತಿದ್ದಳು. ಹೊಲಿಗೆ ಪಾಠವನ್ನು ಬಾಯಲ್ಲೇ ಹೇಳಿ, ಮಿಷನ್ನಿಗೆ ಹುಡುಗಿಯರನ್ನೇ ಕೂರಿಸುತ್ತಿದ್ದೆ. ನಿನಗೆ ಮಾತ್ರ ಪ್ರತಿ ಕಾಗದದಲ್ಲೂ ಕ್ಷೇಮ ಎಂದೇ ಬರೆದೆ. ಎಣ್ಣೆ, ಕಷಾಯ, ಗುಳಿಗೆ ಎಂತದೂ ಹಿಡಿಯಲಿಲ್ಲ.

ನಮ್ಮ ಶಾಲೆಯ ಡ್ರಿಲ್ ಮಾಸ್ತರು ಸೀತಾರಾಮಪ್ಪ ಹೊಸನಗರದ ಕಡೆಯವರು. ಚಿಕ್ಕಂದಿನಲ್ಲೇ ಮಲಯಕ್ಕೆ ಹೋಗಿ ಇಪ್ಪತ್ತು ವರ್ಷ ದುಡಿದು ಬಂದವರು. ಬೆಳಿಗ್ಗೆ ಆರು ಗಂಟೆಗೆ ಶಾಲೆಯ ಅಂಗಳದಲ್ಲಿ ದೊಡ್ಡ ಹುಡುಗಿಯರಿಗೆ ಮುಷ್ಟಿ ಹಿಡಿಯುವುದು, ಒದೆ ತಪ್ಪಿಸುವುದು ಕಲಿಸುತ್ತಿದ್ದರು. ಆಮೇಲೆ ನಮ್ಮಂಥ ವಯಸ್ಸಾದವರಿಗೆ ಒಂದು ಮೆಲ್ಲನೆಯ ಕಸರತ್ತು. ಹೆಸರು ತಾಯ್ ಚಿ ಎಂದರು. ನಾವೆಲ್ಲ ಅದನ್ನು ತಾಯಿ ಕಸರತ್ತು ಅಂದುಕೊಂಡೆವು. ನೀರೊಳಗೆ ನಿಂತವರ ಹಾಗೆ ಕೈ ಎತ್ತಬೇಕು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ದಾಟಿಸಬೇಕು. ನೋವಾದಲ್ಲಿ ನಿಲ್ಲಿಸಿ, ನಾಳೆ ಅಲ್ಲಿಂದ ಶುರುಮಾಡಿ ಎನ್ನುತ್ತಿದ್ದರು.

ನಾನು ಸೇರಿದ ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕೈ ತಲೆಯ ಮೇಲೆ ಹೋಯಿತು. ಸಾಲಿನ ನಡುವೆಯೇ ಕೂತು ಅತ್ತೆ. ಧರ್ಮ ಹೋದಮೇಲೆ ನಾನು ಅತ್ತದ್ದು ಅದೇ ಮೊದಲು. ಅಮ್ಮನಿಗೆ ಎಷ್ಟು ಧೈರ್ಯ ಎಂದು ತಂತಿ ಬಂದಾಗ ನೀನೂ ಹೇಳಿದ್ದೆ. ಅದು ಧೈರ್ಯವಾಗಿರಲಿಲ್ಲ.

ಆಮೇಲೊಂದು ದಿನ ಮಾಸ್ತರು ಎಣಿಸುತ್ತಾ ಬಾಯ್ತಪ್ಪಿ ಬೇರೆ ಭಾಷೆಯಲ್ಲಿ ಎಣಿಸಿದರು. ಯಾವ ಭಾಷೆ ಎಂದು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಚೀನೀ ಭಾಷೆ, ಕಸರತ್ತೂ ಅವರದೇ ಎಂದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಹದಿನೈದು ದಿನ ಅತ್ತ ತಲೆ ಹಾಕಲಿಲ್ಲ.

ಅಷ್ಟರಲ್ಲಿ ಶಾಲೆಯ ಸಮಿತಿಗೆ ಹೆಸರಿಲ್ಲದ ಅರ್ಜಿ ಹೋಯಿತು, ಶತ್ರುಗಳ ವಿದ್ಯೆ ಕಲಿಸುವವರನ್ನು ತೆಗೆಯಿರಿ ಎಂದು. ಸಭೆ ಕರೆದರು. ನನ್ನನ್ನೂ ಕೂರಿಸಿದರು.

ಮಾಸ್ತರು ಬಾಗಿಲ ಹತ್ತಿರ ನಿಂತಿದ್ದರು. ಮುಚ್ಚಿಟ್ಟದ್ದು ತಪ್ಪು ಎಂದು ಒಪ್ಪಿಕೊಂಡರು. ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ, ಮಲಯದಲ್ಲಿ ಹದಿನಾರನೇ ವಯಸ್ಸಿನಲ್ಲಿ ಜ್ವರ ಬಂದು ಕಾಲು ಸ್ವಾಧೀನ ತಪ್ಪಿದ್ದಾಗ ಪಕ್ಕದ ಕೋಣೆಯ ಚೀನೀ ಮುದುಕ ಮೂರು ತಿಂಗಳು ಗಂಜಿ ಕುಡಿಸಿ, ಗೋಡೆ ಹಿಡಿಸಿ ನಿಲ್ಲಲು ಕಲಿಸಿದ, ಹಾಗೆ ಬಂದದ್ದು ಎಂದರು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಜಲಜಮ್ಮ, ಮಗನ್ನ ಕಳ್ಕೊಂಡವ್ರು ನೀವು. ನೀವು ಬೇಡ ಅಂದ್ರೆ ಇವತ್ತೇ ನಿಲ್ಲಿಸ್ತೀವಿ."

ಧರ್ಮನ ಮುಖ ಕಣ್ಣಿಗೆ ಬಂತು. ಜೊತೆಗೆ ಯಾರದೋ ಮಗನಿಗೆ ಗಂಜಿ ಕುಡಿಸುತ್ತಿದ್ದ ಆ ಮುದುಕನೂ ಬಂದ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಬಹಳ ಕಷ್ಟವಾಯಿತು ವರದಾ. ಈಗಲೂ ಕಷ್ಟವೇ.

"ನಾನು ನಾಳೆ ಕ್ಲಾಸಿಗೆ ಬರ್ತೀನಿ. ಉಳಿದದ್ದು ನೀವು ನೋಡ್ಕಳಿ" ಎಂದೆ.

ಕ್ಲಾಸು ನಿಲ್ಲಲಿಲ್ಲ. ಇಬ್ಬರು ಹುಡುಗಿಯರನ್ನು ಮನೆಯವರು ಬಿಡಿಸಿದರು, ಅಷ್ಟೆ.

ನಿನ್ನನ್ನು ಒಪ್ಪಿಸಲು ಇದನ್ನು ಬರೆಯುತ್ತಿಲ್ಲ. ನಿನ್ನ ಸಿಟ್ಟು ನನ್ನದೂ ಹೌದು. ಆದರೆ ನಿನ್ನ ಕೂಸಿಗೆ ಎಣ್ಣೆ ಹಚ್ಚಿ ಮೀಯಿಸಲು ನನಗೆ ಎರಡೂ ಕೈ ಬೇಕು. ಈಗ ಎರಡೂ ಇವೆ. ಬಿಸಿನೀರಿನ ಹಂಡೆಗೆ ಕಲಾಯಿ ಹಾಕಿಸಿದ್ದೇನೆ. ಬರಲು ಮನಸ್ಸಾದರೆ ಒಂದು ಸಾಲು ಬರೆ, ನಾನೇ ಬಂದು ಬಸ್ಸಿನಲ್ಲಿ ಕರೆದುಕೊಂಡು ಬರುತ್ತೇನೆ. ಬಾರದಿದ್ದರೆ ಬಾಣಂತನಕ್ಕೆ ನಾನೇ ಅಲ್ಲಿಗೆ ಬರುತ್ತೇನೆ. ಬಾಗಿಲು ಮಾತ್ರ ಹಾಕಬೇಡ.

ನಿನ್ನ ದಾರಿ ಕಾಯುವ
ಅಮ್ಮ,
ಜಲಜಮ್ಮ

ಮರೆತದ್ದಲ್ಲ, ಬರೆಯಲು ಹೆದರಿದ್ದು: ಆ ಹೆಸರಿಲ್ಲದ ಅರ್ಜಿ ಬರೆದವಳು ನಾನೇ. ಸಭೆಯಲ್ಲಿ ಅದನ್ನು ಹೇಳಲಿಲ್ಲ. ನಿನ್ನೆ ಬೆಳಿಗ್ಗೆ ಮಾಸ್ತರಿಗೆ ಹೇಳಿದೆ. ಹಾಜರಿ ಪುಸ್ತಕದಲ್ಲಿ ನನ್ನ ಅಕ್ಷರ ನೋಡಿದ್ದರಿಂದ, ಸಭೆಯಲ್ಲಿ ಅರ್ಜಿ ಕಂಡ ಅವತ್ತೇ ಅವರಿಗೆ ಗೊತ್ತಾಗಿತ್ತಂತೆ. ನನ್ನ ಕಾಲಿನ ಕಡೆ ನೋಡಿ, "ಎಡಗಾಲಿನ ಮೇಲೆ ಭಾರ ಸರಿಯಾಗಿ ಬೀಳ್ತಿಲ್ಲ ನಿಮ್ದು. ಬನ್ನಿ, ಸಾಲಲ್ಲಿ ನಿಂತ್ಕಳಿ" ಎಂದರು.