ಮೂವತ್ತೆಂಟರ ಮುಂದೆ ಬರೆದ ಮಾತು

ಪ್ರೀತಿಯ ಚಿಕ್ಕಪ್ಪಾ,

ಇವತ್ತೂ ಹಾಲು ಕಾಯಿಸುವ ಮೊದಲು ನಾಡಿ ಎಣಿಸಿದೆ. ಎಂಬತ್ತಾರು. ನೀನಿದ್ದಿದ್ದರೆ ಜಗುಲಿಯಿಂದಲೇ ನಗುತ್ತಿದ್ದೆ, "ಅರಸೀಕೆರೆ ಬಸ್ಸಿಗೆ ಓಡ್ತಾ ಐತೇನೇ ನಿನ್ನೆದೆ?" ಅಂತ.

ಆಪರೇಷನ್ ಮುಗಿಸಿ ನಾನು ಜಾವಗಲ್ಲಿಗೆ ವಾಪಸು ಬಂದ ದಿನ ನೆನಪಿದೆಯಾ? ಹೃದಯದ ಕೆಟ್ಟ ಕವಾಟ ತೆಗೆದು ಲೋಹದ್ದು ಕೂರಿಸಿದ್ದಾರೆ, ದಿನಾ ನಾಡಿ ಎಣಿಸಿ ಬರೆದಿಡಬೇಕಂತೆ ಎಂದು ಅಮ್ಮ ಅಳುತ್ತಾ ಹೇಳುತ್ತಿದ್ದಳು. ನೀನು ಹತ್ತಿರ ಬಂದು ಕಿವಿಗೊಟ್ಟೆ. "ಟಿಕ್ ಟಿಕ್ ಅಂತೈತಲ್ಲ ಅತ್ಗೆ! ಇನ್ನು ಮನೇಗೆ ಗಡಿಯಾರ ಬ್ಯಾಡ ಬಿಡು." ಅಮ್ಮ ಕೂಡ ನಕ್ಕುಬಿಟ್ಟಳು. ಅಂದಿನಿಂದ ನನ್ನ ಹೆಸರೇ ಗಡಿಯಾರ.

ನನ್ನದು ಎಣಿಸಿದ ಮೇಲೆ ನೀನು ಕೈ ಚಾಚುತ್ತಿದ್ದೆ. ಹಳೇಬೀಡಿನ ತೋಟಗಳವರೆಗೂ ಸೈಕಲ್ ತುಳಿದು, ದಿನಕ್ಕೆ ಮೂವತ್ತು ತೆಂಗಿನ ಮರ ಹತ್ತಿಳಿಯುತ್ತಿದ್ದವನ ಕೈ. ಐವತ್ತು. ಮೈ ಮುರಿದು ದುಡಿಯುವವರ ಎದೆ ಕೂತಾಗ ನಿಧಾನವಾಗಿ ಬಡಿಯುತ್ತದೆ ಎಂದು ಹಾಸನದ ಡಾಕ್ಟರು ಹೇಳಿದ್ದೇ ತಡ, ನಾವು ಅದನ್ನು ಪಂದ್ಯ ಮಾಡಿಕೊಂಡೆವು. ನಾಡಿ ಬರೆದಿಡುವ ಪುಸ್ತಕದಲ್ಲಿ ಕಡಿಮೆ ಬಂದವರ ಅಂಕಿಯ ಮುಂದೆ 'ಗೆದ್ದ' ಎಂದು ಬರೆಯುವುದು. ದಿನಾ ನೀನೇ. ನನಗೆ ಹೊಟ್ಟೆಕಿಚ್ಚು.

ಐವತ್ತು ನಲವತ್ತಾರಾಯಿತು, ನಲವತ್ತೆರಡಾಯಿತು. ಮೂವತ್ತೆಂಟು ಬಂದ ದಿನ ಚಪ್ಪಾಳೆ ತಟ್ಟಿದೆ. ತಟ್ಟಿದೆನಲ್ಲ ಚಿಕ್ಕಪ್ಪಾ! ಅದರ ಹಿಂದಿನ ವಾರವೇ ನೀನು ಅರ್ಧ ಮರದಲ್ಲಿ ಕಣ್ಣಿಗೆ ಕತ್ತಲೆ ಬಂತು ಅಂದಿದ್ದೆ. ಬಿಸಿಲಿಗೆ ಅಂದುಕೊಂಡೆವು. ಮೂರು ದಿನ ಕಳೆದು ಮರದಿಂದ ಇಳಿದು ಬುಡದಲ್ಲಿ ಕೂತವನು ಮತ್ತೆ ಏಳಲಿಲ್ಲ.

ಆಮೇಲೆ ನನ್ನ ತಪಾಸಣೆಗೆ ಹೋದಾಗ ಡಾಕ್ಟರು ಪುಸ್ತಕದಲ್ಲಿ ನಿನ್ನ ಅಂಕಿಗಳ ಮೇಲೆ ಬೆರಳಿಟ್ಟರು. "ಇವರಿಗೆ ತಲೆ ಸುತ್ತುತ್ತಿತ್ತಾ?" ಅಂದರು. ನಿಧಾನದ ನಾಡಿ ಒಬ್ಬರಿಗೆ ಕಸುವು, ಇನ್ನೊಬ್ಬರಿಗೆ ಎದೆ ಸೋಲುತ್ತಿರುವ ಗುರುತಂತೆ. ಬರೀ ಅಂಕಿ ನೋಡಿದರೆ ತಿಳಿಯುವುದಿಲ್ಲವಂತೆ. ಕಣ್ಣಿಗೆ ಕತ್ತಲೆ ಅಂದ ದಿನವೇ ಆ ಒಂದು ಮಾತು ನಾನು ನಿನ್ನನ್ನು ಬಿಡಿಸಿ ಕೇಳಿದ್ದರೆ...

ಹೋದ ತಿಂಗಳು, ನಿನ್ನ ಜೊತೆ ಮರ ಹತ್ತುತ್ತಿದ್ದ ಹಾರನಹಳ್ಳಿ ರಂಗಣ್ಣ ಮನೆಗೆ ಬಂದಿದ್ದ. ನಿನ್ನ ಹಾಗೆಯೇ ಕೈ ಚಾಚಿದ. "ಎಣ್ಸವ್ವ, ನಿನ್ ಚಿಕ್ಕಪ್ಪನ್ನ ಸೋಲಿಸ್ತೀನಿ." ನಲವತ್ತು. ನನ್ನ ಎದೆಯ ಟಿಕ್ ಟಿಕ್ ನನಗೇ ಜೋರಾಗಿ ಕೇಳಿಸಿತು.

"ರಂಗಣ್ಣ, ತಲೆ ಸುತ್ತುತ್ತಾ?"

ಅವನ ನಗು ನಿಂತಿತು. "ಎಲ್ಡ್ ಸಲ ಆಗೈತೆ. ಮನೇಲಿ ಯೋಳಿಲ್ಲ ಕಣವ್ವ."

ಆ ಕ್ಷಣವೇ ಹಾಸನಕ್ಕೆ ಕರೆದುಕೊಂಡು ಹೋದೆ. ಬಸ್ಸಿನುದ್ದಕ್ಕೂ ನನಗೆ ಬೈಯುತ್ತಲೇ ಇದ್ದ. ಅವನ ಎದೆಗೆ ಪೇಸ್‌ಮೇಕರ್ ಹಾಕಿದ್ದಾರೆ. ಈಗ ಮರ ಹತ್ತುವುದಿಲ್ಲ. ಬುಡದಲ್ಲಿ ನಿಂತು ಹತ್ತುವವರಿಗೆ ಬೈಯುತ್ತಾನೆ.

ನಿನ್ನೆ ಅವನದು ಅರವತ್ತೆರಡು. ಪುಸ್ತಕದಲ್ಲಿ ನಿನ್ನ ಸಾಲಿನ ಕೆಳಗೆ ಬರೆದು, ಮುಂದೆ 'ತಲೆಸುತ್ತು ಇಲ್ಲ' ಅಂತ ಸೇರಿಸಿದೆ. ಇನ್ನು ಯಾರ ಕೈ ಹಿಡಿದರೂ ಮೊದಲು ಅದನ್ನೇ ಕೇಳುತ್ತೇನೆ. ನಿನ್ನ ಮೂವತ್ತೆಂಟರ ಮುಂದೆ 'ಗೆದ್ದ' ಎಂದು ನಾನೇ ಬರೆದದ್ದು ಹಾಗೇ ಇದೆ. ಹೊಡೆದುಹಾಕಲು ಎಷ್ಟೋ ಸಲ ಪೆನ್ನು ಎತ್ತಿದ್ದೆ. ರಂಗಣ್ಣ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬಿಟ್ಟೆ. ಅವನನ್ನು ಉಳಿಸಿದ್ದು ನಿನ್ನ ಆ ಮೂವತ್ತೆಂಟೇ ಅಲ್ಲವಾ?

ನಿನ್ನ
ಗಡಿಯಾರ