ಕಾಗೆ ಒಪ್ಪದ ಅಕ್ಕಿ

ಕೋಮಳಾ,

ಅತಿ ಗಂಭೀರವಾದ ವಿಷಯ: ನಮ್ಮ ಮೈಲಾಪುರದ ಕಾಗೆ ತನ್ನ ತೀರ್ಪು ಬದಲಿಸಿದೆ.

ನನ್ನ ರಕ್ತದ ಸಕ್ಕರೆ ಇಳಿದು ಕಾಲಿನ ಹುಣ್ಣು ಮಾಯಲೆಂದು ಆಸ್ಪತ್ರೆಯ ಸಂಶೋಧನೆಯವರು ಕೊಟ್ಟ ಅಕ್ಕಿಯ ಅನ್ನವನ್ನು ಅಪ್ಪನ ತಿಥಿಯಂದು ಅದು ಮುಟ್ಟಲಿಲ್ಲ. "ಮಾವನೋರೇ ಬೇಡ ಅಂದ್ಮೇಲೆ ನೀವ್ಯಾಕ್ರೀ ತಿನ್ನೋದು?" ಅಂದೆ ನೀನು. ಅಂದಿನಿಂದ ನನ್ನ ಎಲೆಗೆ ಮತ್ತೆ ಮಾಮೂಲಿ ಪೊನ್ನಿ ಅಕ್ಕಿಯ ಅನ್ನ ಬೀಳತೊಡಗಿತು. ನೀನು ಹೇಳಲಿಲ್ಲ, ರುಚಿಯಾಗಿತ್ತು, ನಾನೂ ಕೇಳಲಿಲ್ಲ.

ನಿನ್ನೆ ಸಂಶೋಧನೆಯ ಹುಡುಗಿ ರಕ್ತದ ವರದಿ ನೋಡಿ, "ಅಯ್ಯಾ, ನಿಜ ಹೇಳಿ, ನಮ್ಮಕ್ಕಿ ಯಾರು ತಿಂದ್ರು?" ಅಂದಳು. ನಿನ್ನ ಹೆಸರು ಹೇಳಲಿಲ್ಲ. ಅವಳು ಸಂಶೋಧನೆಯ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದಳು.

ಡಬ್ಬಿಯಲ್ಲಿದ್ದ ಆ ಅಕ್ಕಿಯನ್ನೇ ಇವತ್ತು ನಾನು ಬೇಯಿಸಿ ತಾರಸಿಯಲ್ಲಿಟ್ಟೆ. ಕಾಗೆ ಒಂದಗುಳೂ ಬಿಡದೆ ತಿಂದಿತು.

ನೀನು ದೇವಸ್ಥಾನದಿಂದ ಬರುವ ಮುಂಚೆ ಹೊರಟಿದ್ದೇನೆ. ಆಸ್ಪತ್ರೆಗೆ ಮೊಸರನ್ನ ತರಬೇಡ. ಅಗಲದ ಚಪ್ಪಲಿ ತಾ. ಎಡಗಾಲಿನ ಹೆಬ್ಬೆರಳು ಇವತ್ತು ತೆಗೆಯುತ್ತಾರೆ.